ಅಪ್ಪನ ಹೆಸರಿನ ಬಂದೂಕು ಮಗನದಾಗುವುದು ಹೇಗೆ?

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನ ಒಂದು ಹಳ್ಳಿ. ಕಬ್ಬಿನ ಹೊಲದಲ್ಲೇ ತೋಟದ ಮನೆ. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಅವರ ಹೆಸರಿನಲ್ಲಿ ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು ಇದೆ. ಪರವಾನಗಿ ಪುಸ್ತಕದಲ್ಲಿ ಇನ್ನೂ ಎರಡು ವರ್ಷ ಅವಧಿ ಉಳಿದಿದೆ. ಹಂದಿ ಕಾಟ ಇದೆ, ರಾತ್ರಿ ಪಂಪ್‌ಸೆಟ್ಟಿನ ಕೇಬಲ್ ಕಳುವಾಗುತ್ತಿದೆ. ಆದ್ದರಿಂದ ಬಂದೂಕು ಮನೆಯಲ್ಲೇ ಇರಲಿ ಎಂದು ನಾನು, ಸರ್ಕಾರಕ್ಕೆ ಒಪ್ಪಿಸಿಬಿಡೋಣ ಎಂದು ತಮ್ಮ. ಅಮೆರಿಕದಲ್ಲಿ ಆಯುಧ ಇಟ್ಟುಕೊಳ್ಳುವುದು ನಾಗರಿಕರ ಹಕ್ಕಂತೆ. ನಮಗೂ ಅಂಥ ಹಕ್ಕು ಇದೆಯೇ? ಈ ಬಂದೂಕನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಏನು ಮಾಡಬೇಕು?

ಉತ್ತರ: ಹಕ್ಕಿನ ಮಾತು ಆಮೇಲೆ ನೋಡೋಣ. ಮೊದಲು ಇಂದೇ ಆಗಬೇಕಾದ ಕೆಲಸ ಹೇಳುತ್ತೇನೆ. ಆ ಬಂದೂಕು ಈಗ ನಿಮ್ಮ ಮನೆಯಲ್ಲಿ ಇರಕೂಡದು. ಪುಸ್ತಕದಲ್ಲಿ ಎರಡು ವರ್ಷ ಉಳಿದಿದ್ದರೂ ಅದು ಉಳಿದಿರುವುದು ನಿಮ್ಮ ತಂದೆಯವರಿಗೆ, ನಿಮಗಲ್ಲ. ಹೊಲದ ಉತಾರದಂತೆ (ಪಹಣಿಯಂತೆ) ಪರವಾನಗಿಗೆ ವಾರಸುದಾರಿಕೆ ಇಲ್ಲ. ಪರವಾನಗಿದಾರರು ತೀರಿಕೊಂಡ ದಿನವೇ ಅದು ಮುಗಿಯಿತು. ಅಂದಿನಿಂದ ಆ ಬಂದೂಕು ಮತ್ತು ಉಳಿದ ಕಾಡತೂಸು ಯಾರ ವಶದಲ್ಲಿವೆಯೋ ಅವರು ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಂಡಂತಾಗುತ್ತದೆ. 1959ರ ಆಯುಧ ಕಾಯ್ದೆಯ 25ನೇ ಕಲಮಿನಲ್ಲಿ ಇದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ ಮತ್ತು ದಂಡವಿದೆ. 2019ರ ತಿದ್ದುಪಡಿಗೆ ಮೊದಲು ಇದು 1ರಿಂದ 3 ವರ್ಷವಿತ್ತು. ‘ಅಪ್ಪನದು, ಟ್ರಂಕಿನಲ್ಲಿತ್ತು, ಮುಟ್ಟೇ ಇಲ್ಲ’ ಎಂಬ ಮಾತು ನ್ಯಾಯಾಲಯದಲ್ಲಿ ಶಿಕ್ಷೆ ತಗ್ಗಿಸಲು ನೆರವಾಗಬಹುದು. ಪ್ರಕರಣವೇ ದಾಖಲಾಗದಂತೆ ತಡೆಯಲಾರದು.

ಇಂಥ ಸಂದರ್ಭಕ್ಕೆಂದೇ ಕಾಯ್ದೆಯ 21ನೇ ಕಲಮು ಇದೆ. ವಶದಲ್ಲಿರುವುದು ಕಾನೂನುಬದ್ಧವಾಗಿ ಉಳಿಯದ ಆಯುಧವನ್ನು ‘ಅನಗತ್ಯ ವಿಳಂಬವಿಲ್ಲದೆ’ ಹತ್ತಿರದ ಠಾಣೆಯಲ್ಲಾಗಲಿ, ಪರವಾನಗಿ ಇರುವ ಆಯುಧ ವ್ಯಾಪಾರಿಯ ಬಳಿಯಾಗಲಿ ಠೇವಣಿ ಇಡಬೇಕು. ಎಂಟು ತಿಂಗಳು ವಿಳಂಬವೇ ಸರಿ. ಆದರೆ ನೀವಾಗಿಯೇ ಹೋಗಿ ಇಡುವುದಕ್ಕೂ ಯಾರೋ ದೂರು ಕೊಟ್ಟು ಪೊಲೀಸರು ಬಂದು ಎತ್ತಿಕೊಂಡು ಹೋಗುವುದಕ್ಕೂ ಅಜಗಜಾಂತರ. ತಂದೆಯ ವರ್ಷಾಂತಿಕ ಮುಗಿಯಲಿ, ಕಬ್ಬು ಕಾರ್ಖಾನೆಗೆ ಹೋಗಲಿ ಎಂದು ಮುಂದೂಡಬೇಡಿ.

ಠೇವಣಿ ಎಂದರೆ ಸರ್ಕಾರಕ್ಕೆ ಬರೆದುಕೊಟ್ಟಂತೆ ಎಂದು ಬಹಳ ಜನ ಹೆದರುತ್ತಾರೆ. ಹಾಗಲ್ಲ. ವಾರಸುದಾರರಿಗೆ ಪರವಾನಗಿ ಸಿಕ್ಕರೆ ಬಂದೂಕು ಹಿಂದಕ್ಕೆ ಬರುತ್ತದೆ. ಪರವಾನಗಿ ಬೇಡವೆನಿಸಿದರೆ ಅದನ್ನು ಇಟ್ಟುಕೊಳ್ಳಲು ಅರ್ಹರಾದ ಬೇರೆಯವರಿಗೆ ಅಥವಾ ವ್ಯಾಪಾರಿಗೆ ಮಾರಿ ಹಣ ಪಡೆಯಲು ಅದೇ ಕಲಮು ಅವಕಾಶ ಕೊಟ್ಟಿದೆ. ನಿಗದಿತ ಅವಧಿಯೊಳಗೆ ಎರಡರಲ್ಲಿ ಒಂದನ್ನೂ ಮಾಡದೆ ಸುಮ್ಮನೆ ಕುಳಿತರೆ ಮಾತ್ರ ಮುಟ್ಟುಗೋಲಾಗುತ್ತದೆ. ಅದಕ್ಕೂ ಮುಂಚೆ ಲಿಖಿತ ನೋಟಿಸ್ ಬರುತ್ತದೆ, ಕಾರಣ ಹೇಳಿಕೊಳ್ಳಲು 30 ದಿನ ಸಿಗುತ್ತದೆ.

ಠಾಣೆಗೆ ಒಯ್ಯುವ ರೀತಿ ಸ್ವಲ್ಪ ವಿವರವಾಗಿ ಹೇಳಬೇಕು, ಅನಾಹುತ ಆಗುವುದು ಇಲ್ಲೇ. ಬಂದೂಕನ್ನು ಚೀಲದಲ್ಲಿ ಸುತ್ತಿ ಬೈಕಿನ ಮೇಲೆ ಇಟ್ಟುಕೊಂಡು ಹೊರಡಬೇಡಿ. ಮೊದಲು ಬರಿಗೈಯಲ್ಲಿ ಠಾಣೆಗೆ ಹೋಗಿ. ತಂದೆಯವರ ಹೆಸರು, ಪರವಾನಗಿ ಸಂಖ್ಯೆ, ತೀರಿಕೊಂಡ ದಿನಾಂಕ, ಬಂದೂಕಿನ ವಿವರ ಬರೆದ ಅರ್ಜಿ ಕೊಡಿ. ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಂದೂಕನ್ನು ಸಿಬ್ಬಂದಿ ಮನೆಗೆ ಬಂದು ಒಯ್ಯುತ್ತಾರೋ, ನೀವೇ ತರಬೇಕೋ ಎಂದು ಕೇಳಿ. ತರಲು ಹೇಳಿದರೆ ಆ ಮಾತನ್ನೂ ಅರ್ಜಿಯ ಮೇಲೆ ಬರೆಸಿಕೊಳ್ಳಿ.

ಒಯ್ಯುವ ಮುಂಚೆ ಬಂದೂಕು ಖಾಲಿ ಇದೆಯೇ ಎಂದು ನೋಡಲೇಬೇಕು. ‘ಅಪ್ಪ ತುಂಬಿ ಇಡುತ್ತಿರಲಿಲ್ಲ’ ಎಂಬ ನಂಬಿಕೆ ಸಾಲದು. ಜೋಡುನಳಿಗೆಯಲ್ಲಿ ನಳಿಗೆ ಮತ್ತು ಮರದ ಹಿಡಿ ಕೂಡುವ ಕಡೆ ಮೇಲ್ಗಡೆ ಒಂದು ಸಣ್ಣ ಸನ್ನೆ (ಲಿವರ್) ಇರುತ್ತದೆ. ನಳಿಗೆಯ ಬಾಯಿಯನ್ನು ಜನ, ದನ, ಗೋಡೆ ಯಾವುದೂ ಇಲ್ಲದ ಕಡೆ ನೆಲಕ್ಕೆ ತಿರುಗಿಸಿ, ಬೆರಳನ್ನು ಕುದುರೆಯಿಂದ (ಟ್ರಿಗರ್‌ನಿಂದ) ದೂರವಿಟ್ಟು ಆ ಸನ್ನೆಯನ್ನು ಬಲಕ್ಕೆ ದೂಡಿದರೆ ಬಂದೂಕು ನಡುವಿಗೆ ಮಡಚಿಕೊಂಡು ಎರಡೂ ನಳಿಗೆಗಳ ಹಿಂಬದಿ ತೆರೆಯುತ್ತದೆ. ಎರಡೂ ತೂತಿನಲ್ಲಿ ಆಚೆಯ ಬೆಳಕು ಕಾಣಬೇಕು. ಹಿತ್ತಾಳೆಯ ಬಿಲ್ಲೆ ಕಂಡರೆ ಒಳಗೆ ಕಾಡತೂಸು ಇದೆ ಎಂದರ್ಥ. ಹಳೆಯ ಕಾಗದದ ಕಾಡತೂಸು ತೇವ ಹೀರಿ ಉಬ್ಬಿ ನಳಿಗೆಯಲ್ಲೇ ಕಚ್ಚಿಕೊಂಡಿರಬಹುದು. ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಮುಂದಿನಿಂದ ಸಲಾಕೆ ತೂರಿಸಿ ಕುಟ್ಟಬೇಡಿ. ಕಾಡತೂಸಿನ ಬೆನ್ನಿನ ನಟ್ಟನಡುವೆ ಇರುವ ಸಿಡಿಮದ್ದಿನ ಟೋಪಿಗೆ ಪೆಟ್ಟು ಬಿದ್ದರೆ ಅದು ಅಲ್ಲೇ ಸಿಡಿಯುತ್ತದೆ. ಹಾಗೆಯೇ ಬಿಟ್ಟು ಠಾಣೆಯವರಿಗೆ ತಿಳಿಸಿ, ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆಯುಧ ಬಲ್ಲ ಸಿಬ್ಬಂದಿ ಅಥವಾ ವ್ಯಾಪಾರಿಯ ಮಿಸ್ತ್ರಿ ತೆಗೆಯಲಿ. ಮಡಚುವುದು ಗೊತ್ತಿಲ್ಲದಿದ್ದರೆ ನೀವು ಕೈ ಹಾಕುವುದೇ ಬೇಡ.

ರಸೀದಿಯಲ್ಲಿ ಬಂದೂಕಿನ ತಯಾರಕರ ಹೆಸರು, ಬೋರು, ನಳಿಗೆಯ ಉದ್ದ, ಬಂದೂಕಿನ ಸಂಖ್ಯೆ, ಕಾಡತೂಸುಗಳ ಎಣಿಕೆ ಎಲ್ಲವೂ ಇರಬೇಕು. ‘ಒಂದು ಬಂದೂಕು ಸ್ವೀಕರಿಸಲಾಗಿದೆ’ ಎಂಬ ರಸೀದಿಯಿಂದ ಮುಂದೆ ಏನೂ ಸಾಧಿಸಲಾಗದು. ಬಂದೂಕಿನ ಸಂಖ್ಯೆಯನ್ನು ಪುಸ್ತಕದ ಸಂಖ್ಯೆಯೊಡನೆ ಅಲ್ಲೇ ತಾಳೆ ನೋಡಿ. ಅದು ಸಾಮಾನ್ಯವಾಗಿ ನಳಿಗೆಯ ಹಿಂತುದಿಯ ತಳಭಾಗದಲ್ಲಿ ಕೊರೆದಿರುತ್ತದೆ. ಹಳೆಯ ಬಂದೂಕುಗಳಲ್ಲಿ ಅಂಕಿ ಸವೆದು 3 ಇದ್ದದ್ದು 8 ಆಗಿ, 1 ಇದ್ದದ್ದು 7 ಆಗಿ ಪುಸ್ತಕಕ್ಕೆ ಏರಿರುತ್ತದೆ. ಈ ಒಂದು ಅಂಕಿಯ ವ್ಯತ್ಯಾಸದಿಂದ ವಾರಸಾ ಅರ್ಜಿಗಳು ತಿಂಗಳುಗಟ್ಟಲೆ ನಿಲ್ಲುತ್ತವೆ, ಏಕೆಂದರೆ ದಾಖಲೆಯ ಪ್ರಕಾರ ಅದು ಬೇರೆಯೇ ಬಂದೂಕು. ವ್ಯತ್ಯಾಸ ಕಂಡರೆ ಸಂಖ್ಯೆಯ ಫೋಟೊ ತೆಗೆದು ಠೇವಣಿಯ ದಿನವೇ ಲಿಖಿತವಾಗಿ ಗಮನಕ್ಕೆ ತನ್ನಿ. ಇನ್ನೊಂದು ಸಣ್ಣ ಮಾತು. ಚರ್ಮದ ಚೀಲದಲ್ಲಿ ಹಾಕಿ ಇಡಬೇಡಿ. ಚರ್ಮ ತೇವ ಹಿಡಿದು ಒಂದೇ ಮಳೆಗಾಲದಲ್ಲಿ ನಳಿಗೆಗೆ ತುಕ್ಕು ಬರಿಸುತ್ತದೆ. ನಳಿಗೆಗೆ ಒಳಗೂ ಹೊರಗೂ ತೆಳ್ಳಗೆ ಬಂದೂಕಿನ ಎಣ್ಣೆ ಸವರಿ, ಎಣ್ಣೆ ಕುಡಿದ ಹತ್ತಿಬಟ್ಟೆಯಲ್ಲಿ ಸುತ್ತಿ ಕೊಡಿ.

ಇನ್ನು ಹಕ್ಕಿನ ಪ್ರಶ್ನೆ. ನಿಮ್ಮ ತಾಲ್ಲೂಕಿನವರು ಇದನ್ನು ಕೇಳುವುದರಲ್ಲಿ ಒಂದು ಅರ್ಥವಿದೆ. ಆಯುಧ ಒಪ್ಪಿಸಿ ಎಂಬ ಕಂಪನಿ ಸರ್ಕಾರದ ಕಾನೂನನ್ನು ಧಿಕ್ಕರಿಸಿ 1857ರ ನವೆಂಬರಿನಲ್ಲಿ ಎದ್ದು ನಿಂತವರು ನಿಮ್ಮ ಪಕ್ಕದ ಹಲಗಲಿಯ ಬೇಡರು. ಕಂಪನಿಯ ಸೈನಿಕರು ಊರಿಗೆ ಬೆಂಕಿ ಹಚ್ಚಿದರು. ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಆಮೇಲೆ ಬಂದ 1878ರ ಆಯುಧ ಕಾಯ್ದೆ ಇಡೀ ದೇಶದ ಕೈಯಿಂದ ಆಯುಧ ಕಿತ್ತುಕೊಂಡಿತು. ಆ ನೋವಿನಿಂದಲೇ 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನೇ ಮೂಲಭೂತ ಹಕ್ಕಾಗಿ ಸೇರಿಸಿ ಎಂದು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಸಭೆ ಅದನ್ನು ಒಪ್ಪಲಿಲ್ಲ. ಇಂದು ನಮ್ಮ ಸಂವಿಧಾನದ 19ನೇ ವಿಧಿಯಲ್ಲಿ ಆಯುಧದ ಪ್ರಸ್ತಾಪ ಇರುವುದು ಒಂದೇ ಕಡೆ: ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕು. 2023ರ ಫೆಬ್ರುವರಿಯಲ್ಲಿ ಪರವಾನಗಿ ಇಲ್ಲದ ಆಯುಧಗಳ ಹಾವಳಿಯನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್, ಅಮೆರಿಕದಂತೆ ಇಲ್ಲಿ ಆಯುಧ ಹೊಂದುವ ಮೂಲಭೂತ ಹಕ್ಕು ಯಾರಿಗೂ ಇಲ್ಲ ಎಂದು ನೆನಪಿಸಿತು.

ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ 1791ರದು. ಅದು ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವ ವೈಯಕ್ತಿಕ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ್ದು 2008ರಲ್ಲಿ, ಹೆಲ್ಲರ್ ಪ್ರಕರಣದಲ್ಲಿ. 2022ರ ಬ್ರೂಯೆನ್ ಪ್ರಕರಣ ನಮಗೆ ಇನ್ನೂ ಬೋಧಪ್ರದ. ನ್ಯೂಯಾರ್ಕ್ ರಾಜ್ಯದಲ್ಲಿ ಹೊರಗೆ ಪಿಸ್ತೂಲು ಒಯ್ಯಲು ‘ತಕ್ಕ ಕಾರಣ’ ತೋರಿಸಬೇಕಿತ್ತು. ಹಕ್ಕು ಚಲಾಯಿಸಲು ಕಾರಣ ಕೇಳುವಂತಿಲ್ಲ ಎಂದು ಕೋರ್ಟ್ ಆ ನಿಯಮವನ್ನೇ ತೆಗೆದುಹಾಕಿತು. ನಮ್ಮಲ್ಲಿ ಇದರ ತದ್ವಿರುದ್ಧ. ಕಾರಣವೇ ಪರವಾನಗಿಯ ಜೀವ. ಹಾಗೆಂದು ಅಲ್ಲಿಯೂ ಹಕ್ಕಿಗೆ ಲಗಾಮು ಇಲ್ಲವೆಂದಲ್ಲ. ಮನೆಯವರ ಮೇಲಿನ ಹಿಂಸೆಗಾಗಿ ನ್ಯಾಯಾಲಯದ ನಿರ್ಬಂಧ ಇರುವವರಿಂದ ಬಂದೂಕು ದೂರವಿಡುವ ಕಾನೂನನ್ನು ಅದೇ ಕೋರ್ಟ್ 2024ರಲ್ಲಿ ಎತ್ತಿಹಿಡಿಯಿತು.

‘ಕೊಡಗಿನವರಿಗೆ ಪರವಾನಗಿ ಬೇಡವಂತಲ್ಲ’ ಎಂದು ನಿಮ್ಮ ಕಡೆಯೂ ಮಾತು ಬಂದೇ ಬರುತ್ತದೆ. ಅದು ಕಾಯ್ದೆಯ 41ನೇ ಕಲಮಿನಡಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೊಟ್ಟಿರುವ ವಿನಾಯಿತಿ. 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿದಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮುಧೋಳಕ್ಕಾಗಲಿ, ವಿಜಯಪುರಕ್ಕಾಗಲಿ ಅದು ಅನ್ವಯಿಸದು.

ನಮಗೆ ಹಕ್ಕಿಲ್ಲ ಎಂದರೆ ಎಲ್ಲವೂ ಅಧಿಕಾರಿಯ ಮರ್ಜಿ ಎಂದಲ್ಲ, ಇದನ್ನು ಒತ್ತಿ ಹೇಳುತ್ತೇನೆ. 13ನೇ ಕಲಮು ಪ್ರಾಣರಕ್ಷಣೆ ಅಥವಾ ಕ್ರೀಡೆಗೆ ಬೇಕಾದ, 20 ಇಂಚಿಗೆ ಕಡಿಮೆಯಿಲ್ಲದ ನಯನಳಿಗೆಯ (ಒಳಗೆ ಗೀರುಗಳಿಲ್ಲದ ನಯವಾದ ನಳಿಗೆಯ) ಬಂದೂಕಿಗೆ ಮತ್ತು ಬೆಳೆ ರಕ್ಷಣೆಯ ನಳಿಗೆಯ ಬಾಯಿಂದ ಮದ್ದು ತುಂಬುವ ನಾಡಬಂದೂಕಿಗೆ ಪರವಾನಗಿ ‘ಕೊಡತಕ್ಕದ್ದು’ ಎನ್ನುತ್ತದೆ. ‘ಕೊಡಬಹುದು’ ಎನ್ನುವುದಿಲ್ಲ. ಬೆಳೆ ರಕ್ಷಣೆಗೆ ನಾಡಬಂದೂಕು ಸಾಲದೆಂದು ಕಂಡರೆ ಬೇರೆ ನಯನಳಿಗೆ ಬಂದೂಕನ್ನೂ ಕೊಡಬಹುದು. ನಿಮ್ಮ ಹನ್ನೆರಡು ಬೋರು ಈ ನಯನಳಿಗೆ ಜಾತಿಯದೇ. ಪಿಸ್ತೂಲು, ರಿವಾಲ್ವರು, ರೈಫಲ್ಲಿಗೆ ಮಾತ್ರ ‘ಸಾಕಷ್ಟು ಕಾರಣ’ ಇದೆಯೆಂದು ಅಧಿಕಾರಿಗೆ ಮನದಟ್ಟಾಗಬೇಕು. 14ನೇ ಕಲಮಿನ ಪ್ರಕಾರ ನಿರಾಕರಿಸುವುದಾದರೆ ಅರ್ಜಿದಾರ ಅನರ್ಹ ಎಂದೋ ಸಾರ್ವಜನಿಕ ಶಾಂತಿ, ಸುರಕ್ಷತೆಗೆ ಅಗತ್ಯವೆಂದೋ ಕಾರಣವನ್ನು ಬರೆದು ದಾಖಲಿಸಬೇಕು. ಆಸ್ತಿ ಕಡಿಮೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ಈ ಸಾಲು ಎರಡೆಕರೆ ರೈತನಿಗೆ ಬಹಳ ಮುಖ್ಯ.

ವಾರಸಾ ಪರವಾನಗಿಗೆ 2016ರ ಆಯುಧ ನಿಯಮಗಳ 25ನೇ ನಿಯಮವಿದೆ. ಪರವಾನಗಿದಾರರು ತೀರಿಕೊಂಡ ಮೇಲೆ ಕಾನೂನುಬದ್ಧ ವಾರಸುದಾರರಿಗೆ ಪರವಾನಗಿ ಕೊಡಬಹುದು. ಬದುಕಿರುವಾಗಲೇ, ಅವರಿಗೆ 70 ವರ್ಷ ತುಂಬಿದಾಗ ಅಥವಾ ಬಂದೂಕು ಹೊಂದಿ 25 ವರ್ಷವಾದಾಗ, ಅವರು ಸೂಚಿಸಿದ ವಾರಸುದಾರರಿಗೂ ಕೊಡಬಹುದು. ನಿಮ್ಮ ತಂದೆಯವರ ವಿಷಯದಲ್ಲಿ ಆ ಕಾಲ ಮೀರಿತು. ಹಿರಿಯರ ಹೆಸರಿನಲ್ಲಿ ಬಂದೂಕಿರುವ ಬೇರೆ ಮನೆಗಳವರು ಇದನ್ನು ಗಮನಿಸಲಿ.

ಅರ್ಜಿಯನ್ನು ಕೇಂದ್ರ ಗೃಹ ಸಚಿವಾಲಯದ ಆಯುಧ ಪರವಾನಗಿ ಜಾಲತಾಣದಲ್ಲಿ ಎ-1 ನಮೂನೆಯಲ್ಲಿ ತುಂಬಿ, ಮುದ್ರಿತ ಪ್ರತಿಯನ್ನು ದಾಖಲೆಗಳೊಂದಿಗೆ ಬಾಗಲಕೋಟೆಯ ನವನಗರದ ಜಿಲ್ಲಾಧಿಕಾರಿ ಕಚೇರಿಗೆ ಕೊಡಬೇಕು. ವಿಜಯಪುರ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯೇ ಪರವಾನಗಿ ಪ್ರಾಧಿಕಾರ. ಬೆಳಗಾವಿಯಲ್ಲಿ ಮಾತ್ರ ಎಚ್ಚರ: ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿ ವಾಸವಿದ್ದರೆ ಪೊಲೀಸ್ ಆಯುಕ್ತರು, ಅದರಾಚೆಯ ಅಥಣಿ, ಗೋಕಾಕ, ಸವದತ್ತಿ ಮುಂತಾದ ಕಡೆಗಳಲ್ಲಿ ಜಿಲ್ಲಾಧಿಕಾರಿ. ತಪ್ಪು ಕಚೇರಿಗೆ ಹೋದ ಅರ್ಜಿ ಅಲ್ಲಿಂದಿಲ್ಲಿಗೆ ಅಲೆಯುತ್ತಲೇ ಇರುತ್ತದೆ.

ದಾಖಲೆಗಳಲ್ಲಿ ತೊಡಕಾಗುವವನ್ನಷ್ಟೇ ಬಿಡಿಸಿ ಹೇಳುತ್ತೇನೆ. ನಾಡಕಚೇರಿಯಿಂದ ಪಡೆದ ವಂಶವೃಕ್ಷದಲ್ಲಿ ಎಲ್ಲ ವಾರಸುದಾರರ ಹೆಸರಿರಬೇಕು, ನಿಮ್ಮನ್ನು ಬಿಟ್ಟು ಉಳಿದವರೆಲ್ಲರ ಒಪ್ಪಿಗೆಯ ಪ್ರಮಾಣಪತ್ರ ಬೇಕು. ತಮ್ಮನ ಸಹಿ ಹಾಕಿಸಿ ತಾಯಿಯನ್ನೂ ಮದುವೆಯಾಗಿ ಹೋದ ಅಕ್ಕತಂಗಿಯರನ್ನೂ ಬಿಟ್ಟುಬಿಡುವುದು ನಮ್ಮ ಕಡೆಯ ಮಾಮೂಲಿ ತಪ್ಪು. ಅವರೂ ವಾರಸುದಾರರೇ. ನಿಮ್ಮ ತಮ್ಮನಿಗೆ ಮನಸ್ಸಿಲ್ಲ ಎಂದು ಬರೆದಿದ್ದೀರಿ. ಅವರ ಒಪ್ಪಿಗೆ ಇಲ್ಲದೆ ಅರ್ಜಿ ಮುಂದೆ ಹೋಗುವುದು ಕಷ್ಟ, ಆದ್ದರಿಂದ ಮೊದಲು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಎಂಬಿಬಿಎಸ್‌ಗೆ ಕಡಿಮೆಯಿಲ್ಲದ ವೈದ್ಯರಿಂದ ಎಸ್-3 ನಮೂನೆಯಲ್ಲಿ ದೈಹಿಕ, ಮಾನಸಿಕ ಆರೋಗ್ಯದ ಪ್ರಮಾಣಪತ್ರ ಬೇಕು. ಮದ್ಯ, ಮಾದಕ ವಸ್ತುಗಳ ಚಟವಿಲ್ಲ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಬರೀ ‘ಫಿಟ್’ ಎಂದು ಬರೆದ ಚೀಟಿ ನಡೆಯದು. ಬಂದೂಕನ್ನು ಭದ್ರವಾಗಿ ಇಡುವ ಮುಚ್ಚಳಿಕೆ ಎಸ್-2 ನಮೂನೆಯಲ್ಲಿದೆ, ತರಬೇತಿಯ ಪ್ರಮಾಣಪತ್ರ ಎಸ್-1ರಲ್ಲಿ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ದಿನಾಂಕವನ್ನು ಠಾಣೆಯಲ್ಲಿ ವಿಚಾರಿಸಿ. ಪ್ರಮಾಣಪತ್ರ ನಿಯಮದ ನಮೂನೆಯಲ್ಲೇ ಸಿಗುತ್ತದೆಯೇ ಎಂದು ಸೇರುವ ಮೊದಲೇ ಕೇಳಿಕೊಳ್ಳಿ. ಇವುಗಳ ಜೊತೆ ಮೂಲ ಪರವಾನಗಿ ಪುಸ್ತಕ, ಠೇವಣಿ ರಸೀದಿ, ಮರಣ ಪ್ರಮಾಣಪತ್ರ, ವಯಸ್ಸು, ಗುರುತು, ವಿಳಾಸದ ಪುರಾವೆಗಳು, ನಾಲ್ಕು ಫೋಟೊ, ಹೊಲದ ಉತಾರ. ಹಳೆಯ ಪುಸ್ತಕದಲ್ಲಿ ಯುಐಎನ್ ಎಂಬ ವಿಶಿಷ್ಟ ಸಂಖ್ಯೆ ನಮೂದಾಗಿದೆಯೇ ನೋಡಿ. ಇಲ್ಲದಿದ್ದರೆ ಅದು ರಾಷ್ಟ್ರೀಯ ದತ್ತಾಂಶಕ್ಕೆ ಏರಿಲ್ಲ ಎಂದರ್ಥ. ಆಗ ಅರ್ಜಿಯಲ್ಲಿ ಅದನ್ನು ಮುಚ್ಚಿಡದೆ ಹೇಳುವುದೇ ಒಳ್ಳೆಯದು.

ವಯಸ್ಸು 21 ತುಂಬಿರಬೇಕು. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರಿಗೆ ಶಿಕ್ಷೆ ಮುಗಿದು 5 ವರ್ಷದವರೆಗೆ, ಶಾಂತಿ ಕಾಪಾಡುವ ಮುಚ್ಚಳಿಕೆ ಬರೆದುಕೊಟ್ಟವರಿಗೆ ಅದರ ಅವಧಿ ಮುಗಿಯುವವರೆಗೆ ಸಿಗದು. ಬದುವಿನ ಜಗಳದಲ್ಲಿ ತಹಶೀಲ್ದಾರರ ಮುಂದೆ ಬರೆದುಕೊಟ್ಟ ಮುಚ್ಚಳಿಕೆಯನ್ನು ಎಷ್ಟೋ ಜನ ಮರೆತೇಬಿಟ್ಟಿರುತ್ತಾರೆ. ಪೊಲೀಸ್ ವರದಿಯಲ್ಲಿ ಅದು ಬಂದೇ ಬರುತ್ತದೆ. ಹಾಗೆಯೇ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. 2019ಕ್ಕೆ ಮೊದಲು ಮೂರಕ್ಕೆ ಅವಕಾಶವಿತ್ತು. ವಾರಸಿನಿಂದ ಬಂದದ್ದೂ ಈ ಎಣಿಕೆಯೊಳಗೇ.

ನಿಮ್ಮ ಊರು ಮುಧೋಳ ತಾಲ್ಲೂಕಿನದಾದ್ದರಿಂದ ಇನ್ನೊಂದು ವಿಷಯ, ಹೆಚ್ಚಿನವರ ಗಮನಕ್ಕೇ ಬಾರದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ವನ್ಯಧಾಮದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ತಮ್ಮ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಮುಧೋಳ, ಬೀಳಗಿ ಕಡೆಯವರಿಗೆ ಯಡಹಳ್ಳಿಯ ಚಿಂಕಾರ (ಒಂದು ಜಾತಿಯ ಹುಲ್ಲೆ) ವನ್ಯಧಾಮ, ಗೋಕಾಕ ಕಡೆಯವರಿಗೆ ಘಟಪ್ರಭಾ ಪಕ್ಷಿಧಾಮ, ಖಾನಾಪುರದವರಿಗೆ ಭೀಮಗಡ. ವಾರಸಾ ಪರವಾನಗಿಯೂ ನಿಮ್ಮ ಹೆಸರಿಗೆ ಹೊಸದೇ ಆದ್ದರಿಂದ ನಿಮ್ಮ ಮನೆ ಆ ವ್ಯಾಪ್ತಿಯಲ್ಲಿದ್ದರೆ ಕಡತ ಅರಣ್ಯ ಇಲಾಖೆಗೂ ಹೋಗುತ್ತದೆ. ‘ಪೊಲೀಸ್ ವರದಿ ಚೆನ್ನಾಗಿ ಬಂದಿದೆ, ಆದರೂ ಆಗುತ್ತಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಅರ್ಜಿಯಲ್ಲೇ ಸರ್ವೆ ನಂಬರು ಬರೆದು, ವನ್ಯಧಾಮದ ಗಡಿಯಿಂದ ಇರುವ ದೂರದ ಬಗ್ಗೆ ವಲಯ ಅರಣ್ಯಾಧಿಕಾರಿಯಿಂದ ಪತ್ರ ತಂದು ಲಗತ್ತಿಸಿದರೆ ಒಂದು ಸುತ್ತಿನ ಪತ್ರವ್ಯವಹಾರ ಉಳಿಯುತ್ತದೆ.

ಪೊಲೀಸ್ ವರದಿಗೆ ನಿಯಮದಲ್ಲಿ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ. ಗಡುವು ಮೀರಿದರೆ ಮೌಖಿಕವಾಗಿ ಕೇಳುತ್ತ ತಿರುಗಬೇಡಿ, ನಿಯಮದ ಸಂಖ್ಯೆ ನಮೂದಿಸಿ ನೆನಪೋಲೆ ಕೊಡಿ. ನಿರಾಕರಣೆ ಆದರೆ ಕಾರಣದ ಪ್ರತಿ ಕೇಳಿ ಪಡೆದು 30 ದಿನದೊಳಗೆ ಬೆಳಗಾವಿಯ ಪ್ರಾದೇಶಿಕ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಿ. ತಡವಾದರೆ ಸರಿಯಾದ ಕಾರಣ ತೋರಿಸಬೇಕಾಗುತ್ತದೆ.

ಈಗ ನೀವು ಬಂದೂಕು ಬೇಕೆನ್ನುತ್ತಿರುವ ಕಾರಣಗಳಿಗೆ ಬರುತ್ತೇನೆ. ಇಲ್ಲಿ ನನ್ನ ಅಭಿಪ್ರಾಯ ನಿಮಗೆ ಹಿಡಿಸದಿರಬಹುದು, ಆದರೂ ಹೇಳುತ್ತೇನೆ.

ಪರವಾನಗಿ ಬಂದರೂ ಹಂದಿಗೆ ಗುಂಡು ಹಾರಿಸುವಂತಿಲ್ಲ. ಕಾಡುಹಂದಿ ವನ್ಯಜೀವಿ ಕಾಯ್ದೆಯ ಪರಿಚ್ಛೇದದಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ, ಇರುವ ಪ್ರಾಣಿ. ಕೊಲ್ಲಲು 11ನೇ ಕಲಮಿನಡಿ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಆಯುಧ ಪರವಾನಗಿಯಲ್ಲಿ ‘ಬೆಳೆ ರಕ್ಷಣೆ’ ಎಂದು ಬರೆದಿದ್ದರೂ ಅದು ಬೇಟೆಯ ಅನುಮತಿ ಅಲ್ಲ. ನಿಮ್ಮ ಭಾಗದಲ್ಲಿ ಇನ್ನೂ ಒಂದು ಅಪಾಯವಿದೆ. ಆಳೆತ್ತರದ ಕಬ್ಬಿನಲ್ಲಿ ಅಲುಗಿದ್ದು ಹಂದಿಯೋ, ಚಿಂಕಾರವೋ, ನೀರು ಹಾಯಿಸುತ್ತಿರುವ ಆಳೋ ರಾತ್ರಿ ತಿಳಿಯದು. ಚಿಂಕಾರ ಅತಿ ಹೆಚ್ಚು ರಕ್ಷಣೆಯ ಪರಿಚ್ಛೇದ ಒಂದರ ಪ್ರಾಣಿ, ಅದಕ್ಕೆ ಗುಂಡು ತಗುಲಿದರೆ ಸಜೆಯೇ ಗತಿ. ಮನುಷ್ಯನಿಗೆ ತಗುಲಿದರೆ ಹೇಳುವುದೇ ಬೇಡ. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರವಿದೆ. ಹಾನಿಯಾದ ಕೂಡಲೇ, ಹೆಜ್ಜೆಗುರುತು ಅಳಿಯುವ ಮುಂಚೆ ಫೋಟೊ ತೆಗೆದು ಉತಾರದೊಂದಿಗೆ ಅರ್ಜಿ ಹಾಕಿ. ಹೊಲದ ಸುತ್ತ ಸೋಲಾರ್ ಬೇಲಿ ಹಾಕಿಸಿದರೆ ಬಂದೂಕಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಕಂಬದ ಕರೆಂಟನ್ನು ನೇರ ತಂತಿಗೆ ಬಿಡುವ ಯೋಚನೆ ಮಾತ್ರ ಬೇಡವೇ ಬೇಡ, ಅದು ಜೀವ ತೆಗೆಯುತ್ತದೆ.

ಕೇಬಲ್ ಕಳ್ಳನ ಮೇಲೂ ಗುಂಡು ಹಾರಿಸುವಂತಿಲ್ಲ. ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ, ಪರವಾನಗಿ ಇಲ್ಲದವರಿಗೂ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಆದರೆ ಆಸ್ತಿಯ ರಕ್ಷಣೆಗಾಗಿ ಪ್ರಾಣ ತೆಗೆಯುವ ಮಟ್ಟಕ್ಕೆ ಅದು ಹೋಗುವುದು 41ನೇ ಕಲಮಿನಲ್ಲಿ ಹೇಳಿದ ಸಂದರ್ಭಗಳಲ್ಲಿ ಮಾತ್ರ: ಸುಲಿಗೆ, ಸೂರ್ಯಾಸ್ತದ ನಂತರ ಸೂರ್ಯೋದಯದೊಳಗಿನ ಕನ್ನಗಳವು, ಜನವಸತಿಯ ಅಥವಾ ಆಸ್ತಿ ಇಡುವ ಕಟ್ಟಡಕ್ಕೆ ಬೆಂಕಿಯಿಡುವುದು, ಅಥವಾ ತಡೆಯದಿದ್ದರೆ ಸಾವೋ ತೀವ್ರ ಗಾಯವೋ ಆದೀತೆಂಬ ನಿಜವಾದ ಭಯ ಹುಟ್ಟಿಸುವ ಕಳವು, ಆಸ್ತಿಹಾನಿ ಅಥವಾ ಮನೆಯ ಅತಿಕ್ರಮಪ್ರವೇಶ. ಹೊಲದ ಬಾವಿಯ ಬಳಿ ಕೇಬಲ್ ಕತ್ತರಿಸಿ ಓಡುತ್ತಿರುವವನು ಇದರಲ್ಲಿ ಬರುವುದಿಲ್ಲ. ಬೆನ್ನಿಗೆ ಬಿದ್ದ ಚರೆಯೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಅದೇ ನಾಲ್ಕು ಜನ ಕತ್ತಿ ಹಿಡಿದು ರಾತ್ರಿ ತೋಟದ ಮನೆಯ ಬಾಗಿಲು ಮುರಿದರೆ ಲೆಕ್ಕ ಬೇರೆ. ಊರಿಂದ ದೂರದ ಒಂಟಿ ಮನೆ ಎಂಬುದನ್ನೇ ಅರ್ಜಿಯಲ್ಲಿ ಮುಖ್ಯ ಕಾರಣವಾಗಿ ಬರೆಯಿರಿ, ಅದು ನಿಜವಾದ ಕಾರಣ. ಠಾಣೆಗೆ ಇರುವ ದೂರ, ಹತ್ತಿರದ ಮನೆಗೆ ಇರುವ ದೂರ, ಹಿಂದೆ ಕೊಟ್ಟ ದೂರುಗಳ ಪ್ರತಿ ಸೇರಿಸಿ. ಕೇಬಲ್ ಕಳುವಾದಾಗಲೆಲ್ಲ ‘ಏನಾಗುತ್ತೆ ಬಿಡು’ ಎಂದು ದೂರು ಕೊಡದೆ ಬಿಟ್ಟವರಿಗೆ ಈಗ ತೋರಿಸಲು ಕಾಗದವೇ ಇರುವುದಿಲ್ಲ.

ಪರವಾನಗಿ ಬಂದ ಮೇಲೆ ತಪ್ಪು ನಡೆಯುವ ಜಾಗಗಳು ಕೆಲವಿವೆ. ಬಂದೂಕನ್ನು ತೋಟ ಕಾಯುವ ಆಳಿನ ಕೈಗೆ ಕೊಡುವಂತಿಲ್ಲ. ಬೇಕಿದ್ದರೆ ಅವನ ಹೆಸರನ್ನು ಪರವಾನಗಿಯಲ್ಲೇ ಸೇರಿಸಬೇಕು. ರಿಪೇರಿಗೋ ನವೀಕರಣಕ್ಕೋ ಬೇರೆಯವರು ಒಯ್ಯುವುದಾದರೆ ನಿಮ್ಮ ಲಿಖಿತ ಅಧಿಕಾರಪತ್ರ ಜೊತೆಗಿರಬೇಕು. ಪರವಾನಗಿಯ ವ್ಯಾಪ್ತಿ ಜಿಲ್ಲೆಯೋ, ರಾಜ್ಯವೋ, ದೇಶವೋ ನೋಡಿಕೊಳ್ಳಿ. ಜಮಖಂಡಿ, ಅಥಣಿಯಿಂದ ಮೀರಜಿಗೆ, ಚಿಕ್ಕೋಡಿಯಿಂದ ಕೊಲ್ಹಾಪುರಕ್ಕೆ, ಇಂಡಿಯಿಂದ ಸೊಲ್ಲಾಪುರಕ್ಕೆ ಹೋಗುವುದು ನಮಗೆ ಸಂತೆಗೆ ಹೋದಂತೆ. ವ್ಯಾಪ್ತಿ ಕರ್ನಾಟಕ ಎಂದಿದ್ದರೆ ಬಂದೂಕಿನೊಡನೆ ಆ ಗಡಿ ದಾಟಿದ ಕೂಡಲೇ ಅದು ಅಪರಾಧ. ಬೀಗವಿರುವ ಕಬ್ಬಿಣದ ಕಪಾಟಿನಲ್ಲಿ ಬಂದೂಕು, ಬೇರೆ ಬೀಗದಲ್ಲಿ ಕಾಡತೂಸು, ಬೀಗದ ಕೈ ನಿಮ್ಮ ಬಳಿ ಮಾತ್ರ. ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ರಿಯಾಯಿತಿ ಮಾಡಿಕೊಳ್ಳಬೇಡಿ. ಪರವಾನಗಿ ಈಗ 5 ವರ್ಷಕ್ಕೆ. ಮುಗಿಯುವ 60 ದಿನ ಮೊದಲೇ ನವೀಕರಣದ ಅರ್ಜಿ ಹೋಗಬೇಕು.

ಖಂಡೆನವಮಿಯಂದು ಮನೆಯೊಳಗೆ ಬಂದೂಕಿಗೆ ಪೂಜೆ ಮಾಡಲು ಅಡ್ಡಿಯಿಲ್ಲ. ಅದನ್ನು ಬೀದಿಗೆ ತಂದು ಹಾರಿಸಿದರೆ, ಮದುವೆಯ ಮೆರವಣಿಗೆಯಲ್ಲೋ ಜಾತ್ರೆಯಲ್ಲೋ ಗಾಳಿಯಲ್ಲಿ ಗುಂಡು ಹೊಡೆದರೆ, 2019ರಲ್ಲಿ ಆಯುಧ ಕಾಯ್ದೆಗೆ ಸೇರಿದ 25(9)ನೇ ಉಪಕಲಮಿನಡಿ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಿಗೂ ಗಾಯವಾಗದಿದ್ದರೂ, ಇತರರ ಸುರಕ್ಷತೆಗೆ ಅಪಾಯವಾಗುವಂತಿದ್ದರೆ ಸಾಕು.

ಚುನಾವಣೆ ಬಂದಾಗ ಠೇವಣಿಯ ಆದೇಶ ಬರುತ್ತದೆ. ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಇರುವ ಪರಿಶೀಲನಾ ಸಮಿತಿ ಯಾರು ಠೇವಣಿ ಇಡಬೇಕೆಂದು ತೀರ್ಮಾನಿಸುತ್ತದೆ. ಒಂಟಿ ಮನೆ ಎಂಬ ಕಾರಣಕ್ಕೆ ವಿನಾಯಿತಿ ಬೇಕಾದರೆ ಚುನಾವಣೆ ಘೋಷಣೆಯಾದ ಕೂಡಲೇ ಲಿಖಿತ ಮನವಿ ಕೊಡಿ. ಸಿಗದಿದ್ದರೆ ಹೇಳಿದ ದಿನದೊಳಗೆ ಇಟ್ಟು ರಸೀದಿ ಪಡೆಯಿರಿ. ಫಲಿತಾಂಶ ಬಂದು ಆದೇಶ ತೆರವಾದ ಕೂಡಲೇ ಹೋಗಿ ಬಿಡಿಸಿಕೊಂಡು ಬನ್ನಿ.

ತಮ್ಮನ ಜೊತೆಗಿನ ಮಾತು ಬೇಡವೆಂಬ ಕಡೆಗೇ ವಾಲಿದರೆ, ಠೇವಣಿಯಲ್ಲಿರುವಾಗಲೇ ಪರವಾನಗಿ ಇರುವ ವ್ಯಾಪಾರಿಗೆ ಮಾರಲು ಎಲ್ಲ ವಾರಸುದಾರರ ಸಹಿಯೊಂದಿಗೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ಪರಿಚಯದವರೆಂದು ನೇರ ಕೈಯಿಂದ ಕೈಗೆ ಕೊಟ್ಟು ದುಡ್ಡು ತೆಗೆದುಕೊಳ್ಳಬೇಡಿ. ಮಾರಾಟದ ನಂತರ ತಂದೆಯವರ ಪುಸ್ತಕವನ್ನೂ ಕಚೇರಿಗೆ ಒಪ್ಪಿಸಿ, ಬಂದೂಕಿನ ಸಂಖ್ಯೆ ಅವರ ಹೆಸರಿನಿಂದ ಕಡಿಮೆಯಾಗಿದೆ ಎಂಬ ಹಿಂಬರಹ ಪಡೆದು ಮನೆಯಲ್ಲಿಡಿ.